ಹಿಡಿಯಲೂ ಬೇಕು, ಬಿಡಲೂ ಬೇಕು: ಪ್ಯಾರಾಶೂಟ್ ಸಲಕರಣೆಯಲ್ಲಿ ವೆಲ್ಕ್ರೋ ಪಟ್ಟಿಯ ಪರೀಕ್ಷೆ

ಪ್ರದರ್ಶನದ ಜಿಗಿತಗಳಲ್ಲಿ ಪ್ಯಾರಾಶೂಟ್ ಅರಳಿದ ಸ್ವಲ್ಪ ಹೊತ್ತಿಗೆ ಜಿಗಿತಗಾರನ ಕಾಲಿನ ಕೆಳಗಿನಿಂದ ದೊಡ್ಡ ಧ್ವಜವೊಂದು ಬಿಚ್ಚಿಕೊಳ್ಳುವುದನ್ನು ನೇರವಾಗಿ ಅಲ್ಲದಿದ್ದರೂ ಟೀವಿಯಲ್ಲಾದರೂ ನಮ್ಮಲ್ಲಿ ಬಹಳ ಮಂದಿ ನೋಡಿರುತ್ತಾರೆ. ವಿಮಾನದಿಂದ ಹೊರಬಿದ್ದ ಕ್ಷಣದಿಂದ ಅಲ್ಲಿಯವರೆಗೆ ಆ ಧ್ವಜ ದೇಹಕ್ಕೆ ಬಿಗಿದ ಚೀಲವೊಂದರೊಳಗೆ ಮಡಿಚಿಕೊಂಡಿರುತ್ತದೆ. ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದ ಗಾಳಿಗೆ ಆ ಚೀಲದ ಬಾಯಿ ತೆರೆದುಕೊಳ್ಳಬಾರದು. ಬೇಕೆಂದಾಗ ಮಾತ್ರ, ಕೈಗವಸು ತೊಟ್ಟ ಒಂದೇ ಕೈಯ ಒಂದೇ ಎಳೆತಕ್ಕೆ ತೆರೆದುಕೊಳ್ಳಲೇಬೇಕು. ಇಂಥ ಕೆಲಸಕ್ಕೆ ಮೊದಲು ಹೊಳೆಯುವ ಉಪಾಯ ವೆಲ್ಕ್ರೋ, ಅಂದರೆ ಒಂದು ಮೈಯಲ್ಲಿ ಸಣ್ಣ ನೈಲಾನ್ ಕೊಕ್ಕೆಗಳೂ ಇನ್ನೊಂದರಲ್ಲಿ ಮೆತ್ತನೆಯ ಕುಣಿಕೆಗಳೂ ಇರುವ ಜೋಡಿ ಪಟ್ಟಿ. ಚಿಕ್ಕಪೇಟೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಈ ವಸ್ತುವನ್ನು ಆಕಾಶದಲ್ಲಿ ನೆಚ್ಚಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಯಾವ ದಿಕ್ಕಿನ ಎಳೆತಕ್ಕೆ, ಎಷ್ಟಕ್ಕಿಂತ ಕಡಿಮೆಯಾಗದಂತೆ ಮತ್ತು ಎಷ್ಟನ್ನು ಮೀರದಂತೆ ಎಂದು ಕೇಳಿದಾಗ ಮಾತ್ರ ಪರೀಕ್ಷೆಗೆ ಅರ್ಥ ಬರುತ್ತದೆ.

ಪ್ಯಾರಾಶೂಟ್ ಸಲಕರಣೆಯಲ್ಲಿ ವೆಲ್ಕ್ರೋ ಯಾವ ಕೆಲಸಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಜಿಗಿತಗಾರನ ಪೂರ್ತಿ ಭಾರವನ್ನು ಹೊತ್ತು, ಬೇಕಾದಾಗ ಮುಖ್ಯ ಪ್ಯಾರಾಶೂಟನ್ನು ಕಳಚಿಬಿಡುವ ಕೆಲಸವನ್ನು ಇಂದಿನ ಕ್ರೀಡಾ ಪ್ಯಾರಾಶೂಟುಗಳಲ್ಲಿ ಬಿಲ್ ಬೂತ್ 1970ರ ದಶಕದಲ್ಲಿ ರೂಪಿಸಿದ ಮೂರು ಉಂಗುರಗಳ ವ್ಯವಸ್ಥೆ ಮಾಡುತ್ತದೆ. ಅಲ್ಲಿ ವೆಲ್ಕ್ರೋ ಭಾರ ಹೊರುವುದಿಲ್ಲ. ಆ ವ್ಯವಸ್ಥೆಯನ್ನು ಚಾಲೂ ಮಾಡುವ ಮೆತ್ತನೆಯ ಹಿಡಿಕೆಯನ್ನು ಎದೆಯ ಬಳಿ ಅದರ ಜಾಗದಲ್ಲಿ ಕೂರಿಸಿಡುತ್ತದೆ, ಅಷ್ಟೆ. ಅದಕ್ಕಾಗಿಯೇ ತರಬೇತಿಯಲ್ಲಿ ಆ ಹಿಡಿಕೆಯನ್ನು ಒಮ್ಮೆಲೇ ಜಗ್ಗಬೇಡಿ, ಮೊದಲು ಸುಲಿದು ಬಿಡಿಸಿ, ಆಮೇಲೆ ಎಳೆಯಿರಿ ಎಂದು ಹೇಳಿಕೊಡುತ್ತಾರೆ. ಸೈನ್ಯದ ಜಿಗಿತಗಳಲ್ಲಿ ಭಾರದ ಚೀಲವನ್ನು ನೆಲ ಮುಟ್ಟುವ ಮುನ್ನ ಹಗ್ಗದಲ್ಲಿ ಕೆಳಗಿಳಿಬಿಡುವ ಪದ್ಧತಿ ಇದೆ; ಅಮೆರಿಕದ ಸೇನೆ ಇದಕ್ಕೆ ಬಳಸುವ ಸುಮಾರು ನಾಲ್ಕೂವರೆ ಮೀಟರ್ ಉದ್ದದ ನೈಲಾನ್ ಹಗ್ಗದ ಹೆಸರಿನಲ್ಲೇ ಕೊಕ್ಕೆ ಪಟ್ಟಿಯ ಉಲ್ಲೇಖವಿದೆ, ಏಕೆಂದರೆ ಮಡಿಚಿದ ಹಗ್ಗವನ್ನು ಹಿಡಿದಿಡುವುದು ವೆಲ್ಕ್ರೋ ಮುಚ್ಚಳ. ಬಂಡೆ, ಸೇತುವೆಗಳ ಮೇಲಿಂದ ಹಾರುವ ಬೇಸ್ ಜಿಗಿತಗಾರರು ಒಂದು ಕಾಲದಲ್ಲಿ ಇಡೀ ಪ್ಯಾರಾಶೂಟ್ ಚೀಲವನ್ನೇ ವೆಲ್ಕ್ರೋದಿಂದ ಮುಚ್ಚುತ್ತಿದ್ದರು. ದೊಡ್ಡ ಪ್ಯಾರಾಶೂಟನ್ನು ಹೊರಗೆಳೆಯಲೆಂದು ಗಾಳಿಗೆ ಎಸೆದ ಪುಟ್ಟ ಪ್ಯಾರಾಶೂಟಿನ ಪಟ್ಟಿ ಆ ಮುಚ್ಚಳವನ್ನು ಒಂದು ತುದಿಯಿಂದ ಸುಲಿಯುತ್ತಾ ಹೋಗುವಂತೆ ಅದರ ರಚನೆ ಇರುತ್ತಿತ್ತು.

ಈ ಎಲ್ಲ ಉದಾಹರಣೆಗಳಲ್ಲೂ ಸುಲಿಯುವುದು ಎಂಬ ಕ್ರಿಯೆ ಬಂದಿರುವುದು ಆಕಸ್ಮಿಕವಲ್ಲ. ಒಂದಕ್ಕೊಂದು ಕಚ್ಚಿಕೊಂಡ ಎರಡು ಪಟ್ಟಿಗಳನ್ನು ಮೂರು ರೀತಿಯಲ್ಲಿ ಬೇರ್ಪಡಿಸಬಹುದು. ಒಂದರ ಮೇಲೊಂದು ಜಾರಿಹೋಗುವಂತೆ ಉದ್ದಕ್ಕೆ ಎಳೆಯುವುದು ಜಾರೆಳೆತ. ಎಂಜಿನಿಯರುಗಳು ಶಿಯರ್ ಎನ್ನುತ್ತಾರೆ. ಇಡೀ ಮೈಯನ್ನು ಒಮ್ಮೆಲೇ ಮೇಲಕ್ಕೆತ್ತುವುದು ನೇರ ಎಳೆತ. ಒಂದು ತುದಿಯಿಂದ ಶುರುಮಾಡಿ ಬಿಡಿಸುತ್ತಾ ಹೋಗುವುದು ಸುಲಿತ. ಮೊದಲೆರಡರಲ್ಲಿ ಸಾವಿರಾರು ಕೊಕ್ಕೆಗಳು ಭಾರವನ್ನು ಹಂಚಿಕೊಳ್ಳುತ್ತವೆ. ಸುಲಿತದಲ್ಲಿ ಆ ಕ್ಷಣಕ್ಕೆ ಬಿಚ್ಚಿಕೊಳ್ಳುತ್ತಿರುವ ಒಂದೆರಡು ಸಾಲಿನ ಕೊಕ್ಕೆಗಳು ಮಾತ್ರ ಹೋರಾಡುತ್ತವೆ, ಉಳಿದವು ತಮ್ಮ ಸರದಿ ಬರುವವರೆಗೆ ಸುಮ್ಮನಿರುತ್ತವೆ.

ಅಂಕಿಗಳಲ್ಲಿ ಈ ವ್ಯತ್ಯಾಸ ಬೆರಗುಗೊಳಿಸುವಷ್ಟಿದೆ. ಸಾಮಾನ್ಯ ನೈಲಾನ್ ವೆಲ್ಕ್ರೋ ಜಾರೆಳೆತಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಅಂದಾಜು 8 ನ್ಯೂಟನ್ ತಡೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ, 25 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ತುಂಡು ಸುಮಾರು 100 ನ್ಯೂಟನ್ ಹಿಡಿಯುತ್ತದೆ. ಅಂದರೆ ಹತ್ತು ಕಿಲೋ ತೂಕವನ್ನು ತೂಗುಹಾಕಬಹುದು. ಅದೇ ತುಂಡನ್ನು ಸುಲಿಯಲು ಸುಮಾರು 5 ನ್ಯೂಟನ್, ಅರ್ಧ ಕಿಲೋದ ಎಳೆತ, ಸಾಕು. ವಿನ್ಯಾಸಕಾರನಿಗೆ ಸಿಗುವ ಕೀಲಿಕೈ ಇಲ್ಲಿದೆ: ಜಾರೆಳೆತದ ಬಲ ಪಟ್ಟಿಯ ವಿಸ್ತೀರ್ಣವನ್ನು ಅವಲಂಬಿಸಿದರೆ, ಸುಲಿತದ ಬಲ ಅದರ ಅಗಲವನ್ನು ಮಾತ್ರ ಅವಲಂಬಿಸುತ್ತದೆ. ಪಟ್ಟಿಯ ಉದ್ದವನ್ನು ಇಮ್ಮಡಿ ಮಾಡಿದರೆ ಹಿಡಿತ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಬಿಡಿಸುವ ಕೈಗೆ ಮಾತ್ರ ಹೆಚ್ಚಿನ ಶ್ರಮವಿಲ್ಲ, ಸ್ವಲ್ಪ ಹೆಚ್ಚು ದೂರ ಎಳೆಯಬೇಕು ಅಷ್ಟೆ. ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ. ಬಟ್ಟೆ ಹಿಗ್ಗುವ ವಸ್ತುವಾದ್ದರಿಂದ ಉದ್ದನೆಯ ಪಟ್ಟಿಯಲ್ಲಿ ಭಾರ ಎಲ್ಲೆಡೆ ಸಮನಾಗಿ ಹಂಚಿಕೊಳ್ಳದೆ ತುದಿಗಳಲ್ಲಿ ಹೆಚ್ಚು ಬೀಳುತ್ತದೆ. ಆದ್ದರಿಂದ ಲೆಕ್ಕದ ಇಮ್ಮಡಿ ಯಂತ್ರದ ಮೇಲೆ ಪೂರ್ತಿಯಾಗಿ ಕಾಣುವುದಿಲ್ಲ.

ಎಳೆಯುವ ಕೋನವೂ ಮುಖ್ಯ. ಅಂಟುಪಟ್ಟಿಗಳ ವಿಷಯದಲ್ಲಿ ಚೆನ್ನಾಗಿ ತಿಳಿದಿರುವ ಸುಲಿತದ ಸೂತ್ರ ವೆಲ್ಕ್ರೋಗೂ ಒರಟು ಅಂದಾಜಿನ ಮಟ್ಟಿಗೆ ಹೊಂದುತ್ತದೆ: ಪಟ್ಟಿಯನ್ನು 90 ಡಿಗ್ರಿಯಲ್ಲಿ ಎತ್ತಿ ಎಳೆಯಲು ಬೇಕಾದ ಬಲವನ್ನು ಒಂದು ಎಂದು ತೆಗೆದುಕೊಂಡರೆ, ಪೂರ್ತಿ ಹಿಂದಕ್ಕೆ ಮಡಿಚಿ ಎಳೆಯಲು ಅದರ ಅರ್ಧ ಸಾಕು, 30 ಡಿಗ್ರಿಯಲ್ಲಿ ಎಳೆಯಲು ಮಾತ್ರ ಏಳೂವರೆ ಪಟ್ಟು ಬೇಕು. ಕೋನ ಇನ್ನೂ ಕಿರಿದಾದರೆ ಬೇಕಾಗುವ ಬಲ ಸರ್ರನೆ ಏರಿ ಜಾರೆಳೆತದ ಮಿತಿಯನ್ನೇ ಮುಟ್ಟುತ್ತದೆ. ನೆಲದ ಮೇಲೆ ನಿಂತು ಸಲೀಸಾಗಿ ಬಿಚ್ಚಿದ ಹಿಡಿಕೆ, ಜಿಗಿತಗಾರ ಮೈಗೆ ಬಿಗಿದ ಪಟ್ಟಿಗಳ ಸರಂಜಾಮಿನಲ್ಲಿ ಜೋತುಬಿದ್ದು ಸೊಂಟದ ಪಟ್ಟಿಗಳೆಲ್ಲ ಮೇಲಕ್ಕೆ ಸರಿದಾಗ ಕಲ್ಲಿನಂತೆ ಕುಳಿತುಬಿಡುವುದಕ್ಕೆ ಹಲವು ಸಲ ಈ ಕೋನದ ವ್ಯತ್ಯಾಸವೇ ಕಾರಣ.

ಇನ್ನು ಗಾಳಿಯ ಕಡೆಯ ಲೆಕ್ಕ. ಹೊಟ್ಟೆ ಕೆಳಗಾಗಿ ಬೀಳುವ ಜಿಗಿತಗಾರ ಗಂಟೆಗೆ ಸುಮಾರು 195 ಕಿ.ಮೀ. ವೇಗದಲ್ಲಿ ಸ್ಥಿರಗೊಳ್ಳುತ್ತಾನೆ ಎಂದುಕೊಂಡರೆ, ನೆಲಮಟ್ಟದ ಗಾಳಿಯ ಸಾಂದ್ರತೆಗೆ ಅದು ಚದರ ಮೀಟರಿಗೆ ಸುಮಾರು 1800 ನ್ಯೂಟನ್ ಒತ್ತಡ. ಎತ್ತರದ ತೆಳುಗಾಳಿಯಲ್ಲಿ ಬೀಳುವ ವೇಗ ಹೆಚ್ಚುತ್ತದೆ, ಆದರೆ ಒತ್ತಡ ಬದಲಾಗುವುದಿಲ್ಲ, ಏಕೆಂದರೆ ಸ್ಥಿರ ವೇಗದಲ್ಲಿ ಗಾಳಿಯ ತಡೆ ಯಾವಾಗಲೂ ದೇಹದ ತೂಕಕ್ಕೆ ಸಮ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಹಾರಿದರೂ ಕಡಲ ತೀರದಲ್ಲಿ ಹಾರಿದರೂ ಈ ಒಂದು ಅಂಕಿಯನ್ನು ತಿದ್ದಬೇಕಾಗಿಲ್ಲ ಎಂಬುದು ಪರೀಕ್ಷಕರಿಗೆ ದೊಡ್ಡ ಅನುಕೂಲ. ಈಗ ಧ್ವಜದ ಚೀಲಕ್ಕೆ 10 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಮುಚ್ಚಳವಿದ್ದು ಗಾಳಿ ಅದರ ಅಂಚಿನಡಿ ನುಗ್ಗಿತು ಎಂದುಕೊಳ್ಳಿ. ಬೀಳುವ ಬಲ ಸುಮಾರು 18 ನ್ಯೂಟನ್. ಆ ಅಂಚಿನ ಉದ್ದಕ್ಕೂ ಹತ್ತು ಸೆಂಟಿಮೀಟರ್ ವೆಲ್ಕ್ರೋ ಇದ್ದರೆ ಸುಲಿತಕ್ಕೆ ಅದು ಒಡ್ಡುವ ತಡೆ, ಮೇಲಿನ ಲೆಕ್ಕದಂತೆಯೇ, ಸುಮಾರು 20 ನ್ಯೂಟನ್. ಗಾಳಿಯ ಬಲದಲ್ಲಿ ಒಂದು ಪಾಲು ಮುಚ್ಚಳದ ಹೊಲಿಗೆಯ ಕಡೆಗೆ ಹೋಗುತ್ತದೆಯೆಂದರೂ ಉಳಿಯುವ ಅಂತರ ನೆಮ್ಮದಿಯದಲ್ಲ. ತಲೆ ಕೆಳಗಾಗಿ ಬೀಳುವವರು ಗಂಟೆಗೆ 260 ಕಿ.ಮೀ. ದಾಟುವುದು ಸಾಮಾನ್ಯ, ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ಮುಚ್ಚಳದ ಮೇಲೆ ಆಗ 32 ನ್ಯೂಟನ್ ಬೀಳುತ್ತದೆ. ಭುಜದ ಪಟ್ಟಿಗಳ ಮೇಲಿನ ಮುಚ್ಚಳಗಳಲ್ಲಿ ವೆಲ್ಕ್ರೋ ಬಿಟ್ಟು, ಒಳಕ್ಕೆ ಸಿಕ್ಕಿಸುವ ಗಡಸು ನಾಲಗೆಗಳಿಗೆ ತಯಾರಕರು ಹೊರಳಿದ್ದಕ್ಕೆ ಇದೂ ಒಂದು ಕಾರಣ. ವೆಲ್ಕ್ರೋವನ್ನೇ ಬಳಸುವುದಾದರೆ ಮುಚ್ಚಳದ ಹೊಲಿಗೆಯ ಕಡೆಯನ್ನು ಗಾಳಿಗೆ ಎದುರಾಗಿಯೂ ತೆರೆಯುವ ಅಂಚನ್ನು ಗಾಳಿಯ ಮರೆಯಲ್ಲೂ ಇಡುವುದು ಯಾವ ಗಟ್ಟಿ ಪಟ್ಟಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಪ್ಯಾರಾಶೂಟ್ ಅರಳುವಾಗಿನ ಜಗ್ಗಾಟ ಬೇರೆಯೇ ದಿಕ್ಕಿನದು. ಆ ಹೊತ್ತಿನಲ್ಲಿ ದೇಹದ ಮೇಲೆ ಗುರುತ್ವದ ನಾಲ್ಕು ಪಟ್ಟು ಬೀಳುವುದು ಅಸಾಮಾನ್ಯವಲ್ಲ, ಕೆಲವು ಸಲ ಅದಕ್ಕಿಂತಲೂ ಹೆಚ್ಚು ಬೀಳುತ್ತದೆ. ಎರಡು ಕಿಲೋದ ಧ್ವಜ ಚೀಲ ಆಗ ಸುಮಾರು 80 ನ್ಯೂಟನ್ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಆ ಜಗ್ಗು ವೆಲ್ಕ್ರೋದ ಉದ್ದಕ್ಕೆ, ಜಾರೆಳೆತವಾಗಿ ಬಂದರೆ ಮೊದಲು ಹೇಳಿದ ಸಣ್ಣ ತುಂಡೇ ಹೇಗೋ ತಡೆಯುತ್ತದೆ. ಚೀಲ ತಿರುಚಿಕೊಂಡು ಸುಲಿತವಾಗಿ ಬಂದರೆ ಅದರ ಮೂರು ಪಟ್ಟು ದೊಡ್ಡ ತುಂಡೂ ತಡೆಯುವುದಿಲ್ಲ. ಪರೀಕ್ಷೆ ಶುರುವಾಗುವ ಮೊದಲೇ ಸರಂಜಾಮನ್ನು ತೊಟ್ಟು, ಚಾವಣಿಯ ಕೊಂಡಿಗೆ ಜೋತುಬಿದ್ದು, ಪ್ರತಿ ಹಂತದಲ್ಲೂ ಎಳೆತ ಯಾವ ಕಡೆಯಿಂದ ಬರುತ್ತದೆಂದು ಬಾಣದ ಗುರುತು ಹಾಕಿಕೊಳ್ಳಬೇಕಾದುದು ಇದಕ್ಕೇ.

ಬಿಡುಗಡೆಯ ಜೋಡಣೆಗೆ ಎರಡು ಬಗೆಯ ಸೋಲುಗಳಿವೆ. ಬೇಡದಾಗ ಬಿಟ್ಟುಕೊಡುವುದು ಒಂದು: ವಿಮಾನದ ಬಾಗಿಲಲ್ಲೇ ಚೀಲ ಬಿಚ್ಚಿಕೊಂಡರೆ ಬಟ್ಟೆ ವಿಮಾನದ ಬಾಲಕ್ಕೆ ಸಿಕ್ಕಬಹುದು, ಬೀಳುವಾಗ ಬಿಚ್ಚಿಕೊಂಡರೆ ಪ್ಯಾರಾಶೂಟಿನ ದಾರಿಗೆ ಅಡ್ಡ ಬರಬಹುದು. ಬೇಕಾದಾಗ ಬಿಡದೇ ಹೋಗುವುದು ಇನ್ನೊಂದು. ಸೀಟಿಗೆ ಬಿಗಿಯುವ ಬೆಲ್ಟಿನಂಥ ಸಾಮಾನಿಗೆ ಬಲ ಹೆಚ್ಚಿದಷ್ಟೂ ಒಳ್ಳೆಯದು, ಇಲ್ಲಿ ಹಾಗಲ್ಲ. ಕೆಳಗೂ ಗೆರೆ, ಮೇಲೂ ಗೆರೆ. ಅಮೆರಿಕದ ವಿಮಾನಯಾನ ಆಡಳಿತ ಒಪ್ಪಿರುವ ಪ್ಯಾರಾಶೂಟ್ ಮಾನದಂಡದಲ್ಲಿ ರಿಪ್‌ಕಾರ್ಡ್ (ಪ್ಯಾರಾಶೂಟ್ ಚೀಲವನ್ನು ತೆರೆಯಲು ಎಳೆಯುವ ಹುರಿ) ಹಿಡಿಕೆಗೆ ಇಂಥದೇ ಎರಡು ಗೆರೆಗಳಿವೆ: ಅತಿ ಸುಲಭವಾಗಿ ಬಿಚ್ಚುವ ದಿಕ್ಕಿನಲ್ಲೂ 5 ಪೌಂಡಿಗಿಂತ, ಅಂದರೆ ಸುಮಾರು 22 ನ್ಯೂಟನ್‌ಗಿಂತ ಕಡಿಮೆ ಎಳೆತಕ್ಕೆ ಅದು ಬರಬಾರದು, ಬಳಸಬೇಕಾದ ದಿಕ್ಕಿನಲ್ಲಿ 22 ಪೌಂಡಿಗಿಂತ, ಸುಮಾರು 98 ನ್ಯೂಟನ್‌ಗಿಂತ ಹೆಚ್ಚು ಕೇಳಬಾರದು. ಧ್ವಜದ ಚೀಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಕೆಳಗೆರೆಯನ್ನು ಅತಿ ಸುಲಭದ ದಿಕ್ಕಿನಲ್ಲಿ, ಮೇಲ್ಗೆರೆಯನ್ನು ಬಳಕೆಯ ದಿಕ್ಕಿನಲ್ಲಿ ಅಳೆಯುವ ಆ ಜಾಣತನವನ್ನು ಯಾರೂ ಎರವಲು ತೆಗೆದುಕೊಳ್ಳಬಹುದು.

ಬೆಂಗಳೂರಿನ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಯೂಟಿಎಂ ಎಂದು ಕರೆಯುವ ಎಳೆತದ ಯಂತ್ರವಿರುತ್ತದೆ. ಕಬ್ಬಿಣದ ಸರಳನ್ನು ಎಳೆಯಲೆಂದು ತಂದ ಭಾರೀ ಯಂತ್ರದಲ್ಲಿ 5 ನ್ಯೂಟನ್ ಅಳೆಯಹೊರಟರೆ ಸೂಚಿ ಮಿಸುಕುವುದೂ ಇಲ್ಲ; ಸಣ್ಣ ಬಲಕ್ಕೆ ತಕ್ಕ ಲೋಡ್ ಸೆಲ್, ಅಂದರೆ ಬಲ ಅಳೆಯುವ ಭಾಗ, ಹಾಕಿಸಿಕೊಳ್ಳಬೇಕು. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಎಎಸ್‌ಟಿಎಂ (ಪರೀಕ್ಷಾ ಮಾನದಂಡಗಳನ್ನು ಹೊರತರುವ ಸಂಸ್ಥೆ) ವಿಧಾನಗಳಲ್ಲಿ ಡಿ 5170 ಸುಲಿತಕ್ಕೂ ಡಿ 5169 ಜಾರೆಳೆತಕ್ಕೂ ಮೀಸಲು. ಎರಡರಲ್ಲೂ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಭಾರದ ರೋಲರ್ ಉರುಳಿಸಿ ಕಚ್ಚಿಸಿದ ಮೇಲೆಯೇ ಯಂತ್ರಕ್ಕೆ ಕೊಡುತ್ತಾರೆ. ಸಣ್ಣದೆನ್ನಿಸುವ ಈ ಉರುಳಿಕೆ ಫಲಿತಾಂಶವನ್ನೇ ಬದಲಿಸುತ್ತದೆ: ಬೆರಳಲ್ಲಿ ಮೆಲ್ಲಗೆ ಒತ್ತಿದ ಪಟ್ಟಿಗೂ, ಒತ್ತಿ ಒಂದೆರಡು ಸಲ ಉದ್ದಕ್ಕೆ ಜಗ್ಗಿ ಕೂರಿಸಿದ ಪಟ್ಟಿಗೂ ಹಿಡಿತದಲ್ಲಿ ಬಹಳ ಅಂತರವಿದೆ. ವಿಮಾನದೊಳಗೆ ಇಕ್ಕಟ್ಟಿನಲ್ಲಿ ಕುಳಿತ ಜಿಗಿತಗಾರ ರೋಲರ್ ಉರುಳಿಸುವುದಿಲ್ಲವಾದ್ದರಿಂದ ಅವನು ಒತ್ತುವಷ್ಟೇ ಒತ್ತಿ ತಯಾರಿಸಿದ ಮಾದರಿಗಳನ್ನೂ ಪರೀಕ್ಷೆಯಲ್ಲಿ ಸೇರಿಸಬೇಕು.

ಯಂತ್ರ ಸಿಗದವರು ಮನೆಯಲ್ಲೇ ಇದರ ಒಂದು ನೋಟ ಪಡೆಯಬಹುದು. ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿಗೆ ಪಟ್ಟಿಯ ಒಂದು ತುದಿಯನ್ನು ಕ್ಲಿಪ್ಪಿನಿಂದ ಸಿಕ್ಕಿಸಿ, ಇನ್ನೊಂದು ಪಟ್ಟಿಯನ್ನು ಮೇಜಿಗೆ ಬಿಗಿದು, ಮೇಲಕ್ಕೆ ಎತ್ತುತ್ತಾ ಹೋದರೆ ಚರ್ರೆಂಬ ಸದ್ದಿನೊಂದಿಗೆ ಅಂಕಿ ಏರಿಳಿಯುವುದು ಕಾಣುತ್ತದೆ, ಒಂದೇ ಕಡೆ ನಿಲ್ಲುವುದಿಲ್ಲ. ಯಂತ್ರದ ಕಾಗದದ ಮೇಲೆ ಇದು ಗರಗಸದ ಹಲ್ಲುಗಳಂಥ ಗೆರೆಯಾಗಿ ಮೂಡುತ್ತದೆ; ಒಂದೊಂದು ಹಲ್ಲೂ ಒಂದು ಸಾಲು ಕೊಕ್ಕೆಗಳು ಬಿಗಿದು ಬಿಟ್ಟುಕೊಟ್ಟದ್ದರ ಗುರುತು. ಬಳಸಿ ಹಳೆಯದಾದ ಪಟ್ಟಿಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಕೆಲವು ಕೊಕ್ಕೆಗಳು ನೆಟ್ಟಗಾಗಿರುವುದು, ಕೆಲವು ಬುಡದಲ್ಲೇ ಮುರಿದಿರುವುದು, ನಡುವೆ ಹರಿದ ಕುಣಿಕೆಗಳ ನೂಲು ಉಂಡೆಕಟ್ಟಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಪ್ರಮಾಣಿತ ಪರೀಕ್ಷೆಯಲ್ಲಿ ಯಂತ್ರ ನಿಮಿಷಕ್ಕೆ ಸುಮಾರು 300 ಮಿ.ಮೀ. ಎಳೆಯುತ್ತದೆ, ಅಂದರೆ ಸೆಕೆಂಡಿಗೆ 5 ಮಿ.ಮೀ. ಕೈಯಿಂದ ಥಟ್ಟನೆ ಎಳೆದರೆ ಸೆಕೆಂಡಿಗೆ ಒಂದು ಮೀಟರ್ ಆಗಬಹುದು. ಗಾಳಿಗೆ ಸಿಕ್ಕ ಪುಟ್ಟ ಪ್ಯಾರಾಶೂಟ್ ಎಳೆದರೆ ಸೆಕೆಂಡಿಗೆ ಹತ್ತಾರು ಮೀಟರ್, ಅಂದರೆ ಯಂತ್ರದ ವೇಗದ ಸಾವಿರಾರು ಪಟ್ಟು. ನೈಲಾನ್ ವೇಗದ ಎಳೆತಕ್ಕೆ ಹೆಚ್ಚು ಗಡುಸಾಗಿ ವರ್ತಿಸುವ ವಸ್ತು. ಆದ್ದರಿಂದ ನಿಧಾನದ ಯಂತ್ರ ಕೊಟ್ಟ ಅಂಕಿಯನ್ನು ಹಾಗೆಯೇ ಆಕಾಶಕ್ಕೆ ಕೊಂಡೊಯ್ಯಲಾಗದು; ಎತ್ತರದಿಂದ ಭಾರ ಬೀಳಿಸಿ ಒಮ್ಮೆಲೇ ಜಗ್ಗಿಸುವ ಪರೀಕ್ಷೆಯೊಂದು ಜೊತೆಗಿರಲೇಬೇಕು.

ಬಂದ ಅಂಕಿಗಳನ್ನು ಓದುವ ಬಗೆಯಲ್ಲಿ ನನ್ನ ತಕರಾರೊಂದಿದೆ. ಪರೀಕ್ಷಾ ವರದಿಗಳು ಸಾಮಾನ್ಯವಾಗಿ ಸರಾಸರಿಯನ್ನು ದಪ್ಪ ಅಕ್ಷರದಲ್ಲಿ ಕೊಡುತ್ತವೆ, ಆದರೆ ಬಿಡುಗಡೆಯ ಜೋಡಣೆಗೆ ಸರಾಸರಿ ಬಹುಮಟ್ಟಿಗೆ ನಿರುಪಯೋಗಿ. ಹಿಡಿತದ ಸರಾಸರಿ 40 ನ್ಯೂಟನ್ ಇದ್ದು, ಇಪ್ಪತ್ತರಲ್ಲಿ ಒಂದು ಮಾದರಿ 17ಕ್ಕೇ ಬಿಟ್ಟುಕೊಟ್ಟರೆ, ಬಳಸುವವನ ಜೀವ ಆ ಹದಿನೇಳರ ಮೇಲೆ ನಿಂತಿರುತ್ತದೆ. ಒಂದೂ ಸೋಲು ಕಾಣದ ಪರೀಕ್ಷೆಯೂ ನಾವು ಅಂದುಕೊಂಡಷ್ಟು ಹೇಳುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ: ಎಷ್ಟು ಸಲ ಪರೀಕ್ಷಿಸಿದರೂ ಒಮ್ಮೆಯೂ ಸೋಲದಿದ್ದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ, ಶೇಕಡಾ 95ರ ಭರವಸೆಯಲ್ಲಿ ಸೋಲಿನ ಪ್ರಮಾಣ ಅದಕ್ಕಿಂತ ಕಡಿಮೆ ಎನ್ನಬಹುದು. ಮೂವತ್ತು ಸಲ ಗೆದ್ದ ಜೋಡಣೆ ಹತ್ತಕ್ಕೊಮ್ಮೆ ಸೋಲುವಂಥದ್ದೂ ಆಗಿರಬಹುದು. ಸಾವಿರಕ್ಕೊಂದಕ್ಕಿಂತ ಕಡಿಮೆ ಎಂದು ಹೇಳಲು ಮೂರು ಸಾವಿರ ಪರೀಕ್ಷೆ ಬೇಕು, ಅಷ್ಟು ಸಹನೆ ಯಾರಿಗೂ ಇರುವುದಿಲ್ಲ. ಹಾಗಾಗಿ ವೆಲ್ಕ್ರೋ ಸೋತರೂ ಪ್ರಾಣಕ್ಕೆ ಕುತ್ತಾಗದಂಥ ಕೆಲಸವನ್ನಷ್ಟೇ ಅದಕ್ಕೆ ಒಪ್ಪಿಸಿ, ಬಿಡದಿದ್ದರೆ ಕತ್ತರಿಸಲು ಕೊಕ್ಕೆಚೂರಿಯನ್ನೂ ತಾನಾಗಿ ಬಿಡದಿರಲು ಪಿನ್ನು-ಕುಣಿಕೆಯ ಬೀಗವನ್ನೂ ಜೊತೆಗಿಡುವುದು ಲೆಕ್ಕದಿಂದಲೇ ಹೊರಡುವ ತೀರ್ಮಾನ.

ಹೊಸ ಪಟ್ಟಿಯನ್ನು ಮಾತ್ರ ಪರೀಕ್ಷಿಸಿ ಮುಗಿಸುವುದು ಅತಿ ಸಾಮಾನ್ಯವಾದ ಕೊರತೆ. ಬಿಚ್ಚಿ ಮುಚ್ಚಿದಷ್ಟೂ ಕುಣಿಕೆಗಳು ಹರಿಯುತ್ತಾ, ಕೊಕ್ಕೆಗಳು ಸಡಿಲಾಗುತ್ತಾ ಹೋಗುತ್ತವೆ. ಇಳಿಯುವ ಮೈದಾನದ ಒಣಹುಲ್ಲು, ನಮ್ಮ ಕಡೆಯ ಕೆಂಪು ಮಣ್ಣಿನ ನುಣ್ಣನೆಯ ಧೂಳು ಕೊಕ್ಕೆಗಳ ಸಂದಿಯಲ್ಲಿ ತುಂಬಿಕೊಂಡರೆ ಹಿಡಿತ ಇನ್ನೂ ಇಳಿಯುತ್ತದೆ. ನೈಲಾನ್ ನೀರು ಹೀರಿದರೆ ಕೊಕ್ಕೆಗಳು ಮೆದುವಾಗುತ್ತವೆ. ಬಿಸಿಲು ವರ್ಷಗಟ್ಟಲೆ ಬಿದ್ದರೆ ಪೆಡಸಾಗುತ್ತವೆ. ನೀರು, ಬಿಸಿಲು ಎರಡನ್ನೂ ಪಾಲಿಯೆಸ್ಟರ್ ಪಟ್ಟಿ ಇದಕ್ಕಿಂತ ಚೆನ್ನಾಗಿ ತಾಳುತ್ತದೆ. ಚಳಿಯನ್ನೂ ಮರೆಯುವಂತಿಲ್ಲ: ಪ್ರತಿ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ, ನೆಲದ ಮೇಲೆ 28 ಡಿಗ್ರಿ ಇರುವ ದಿನ ನಾಲ್ಕು ಕಿಲೋಮೀಟರ್ ಮೇಲೆ ಎರಡೇ ಡಿಗ್ರಿ ಇರುತ್ತದೆ, ಅಲ್ಲಿ ನೈಲಾನ್ ಬಿಗಿಯುತ್ತದೆ, ಬೆರಳು ಮರಗಟ್ಟುತ್ತದೆ. ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಳೆಯ, ಧೂಳು ತಿಂದ, ಒದ್ದೆ ಪಟ್ಟಿ ಕೆಳಗೆರೆಯ ಶತ್ರು. ಹೊಸ, ಚೆನ್ನಾಗಿ ಒತ್ತಿ ಕೂರಿಸಿದ, ತಣ್ಣಗಿನ ಪಟ್ಟಿ ಮೇಲ್ಗೆರೆಯ ಶತ್ರು. ಎರಡು ಗೆರೆಗಳಿಗೆ ಎರಡು ಬೇರೆ ಸ್ಥಿತಿಯ ಮಾದರಿಗಳನ್ನು ತಯಾರಿಸಿಕೊಳ್ಳದೆ ಒಂದೇ ಗುಂಪಿನ ಮಾದರಿಗಳಿಂದ ಎರಡನ್ನೂ ಸಾಧಿಸಲಾಗದು.

ಪಟ್ಟಿಗಿಂತ ಮೊದಲು ಹೊಲಿಗೆ ಸೋಲುವುದೂ ಉಂಟು, ವಿಶೇಷವಾಗಿ ಸುಲಿತ ಶುರುವಾಗುವ ತುದಿಯಲ್ಲಿ. ಅದನ್ನು ಅಡ್ಡ ಹೊಲಿಗೆಯಿಂದ ಭದ್ರಪಡಿಸಿದರೆ ಸಾಕು. ಅದಕ್ಕಿಂತ ದೊಡ್ಡ ತೊಂದರೆ ಕೊಕ್ಕೆಯ ಮೈ ಪ್ಯಾರಾಶೂಟಿನ ದಾರಗಳಿಗೆ ತಗಲುವುದು. ನುಣುಪಾದ ತೆಳು ದಾರಗಳನ್ನು ಕೊಕ್ಕೆಗಳು ಎಳೆ ಎಳೆಯಾಗಿ ಕೀಳುತ್ತವೆ. ಪ್ಯಾರಾಶೂಟನ್ನು ತಿರುಗಿಸಲು, ನಿಧಾನಿಸಲು ಎಳೆಯುವ ಬ್ರೇಕ್ ಹಿಡಿಕೆಗಳಿಂದ ವೆಲ್ಕ್ರೋ ಕಣ್ಮರೆಯಾಗಲು ಮುಖ್ಯ ಕಾರಣ ಇದೇ. ಮೆತ್ತನೆಯ ಪಟ್ಟಿಯನ್ನು ಕೊಕ್ಕೆಯ ಪಟ್ಟಿಗಿಂತ ಎಲ್ಲ ಕಡೆಯೂ ಸ್ವಲ್ಪ ಅಗಲವಾಗಿ ಹೊಲಿದರೆ ಮುಚ್ಚಿದಾಗ ಒಂದು ಕೊಕ್ಕೆಯೂ ಹೊರಗೆ ಇಣುಕುವುದಿಲ್ಲ.

ಮೇಜಿನ ಪರೀಕ್ಷೆ ಮುಗಿದ ಮೇಲೆ ಸರಂಜಾಮಿನಲ್ಲಿ ಜೋತುಬಿದ್ದು ಬಿಡಿಸುವ ಪರೀಕ್ಷೆ, ಆಮೇಲೆ ಮನುಷ್ಯನ ತೂಕದ ಬೊಂಬೆಯನ್ನು ವಿಮಾನದಿಂದ ಬೀಳಿಸುವ ಪರೀಕ್ಷೆ, ಕೊನೆಗೆ ಅನುಭವಿ ಜಿಗಿತಗಾರರ ಸರದಿ. ಸೈನ್ಯದ ಸಲಕರಣೆಗಾದರೆ ನಮ್ಮಲ್ಲಿ ಇದಕ್ಕೆ ಸಾಂಸ್ಥಿಕ ದಾರಿಯಿದೆ: ಪ್ಯಾರಾಶೂಟುಗಳ ಅಭಿವೃದ್ಧಿ ಡಿಆರ್‌ಡಿಓದ ಆಗ್ರಾ ಪ್ರಯೋಗಾಲಯದಲ್ಲಿ ನಡೆಯುತ್ತದೆ, ಸೇನಾ ವಾಯುಯಾನದ ಸಾಮಗ್ರಿಗೆ ಹಾರಾಟಯೋಗ್ಯತೆಯ ಒಪ್ಪಿಗೆ ಕೊಡುವ ಸೆಮಿಲ್ಯಾಕ್ ಕೇಂದ್ರ ಇದೇ ಬೆಂಗಳೂರಿನಲ್ಲಿದೆ. ಕ್ರೀಡೆಗೆಂದು ಜಿಗಿಯುವವರು ತಯಾರಕರ ಸೂಚನೆಯನ್ನೂ ಪ್ಯಾರಾಶೂಟನ್ನು ಮಡಿಚಿ ದುರಸ್ತಿ ಮಾಡುವ ಪರಿಣತ ರಿಗ್ಗರ್‌ನ ಕಣ್ಣನ್ನೂ ನಂಬಬೇಕು. ಯಾವ ದಾರಿಯಲ್ಲಿ ಹೋದರೂ ಪರೀಕ್ಷೆಯ ಪುಸ್ತಕದಲ್ಲಿ ಪಟ್ಟಿಯ ತಯಾರಕ, ನೂಲಿನ ಜಾತಿ, ಬ್ಯಾಚ್ ಸಂಖ್ಯೆ, ಅಗಲ, ಹೊಲಿಗೆಯ ವಿನ್ಯಾಸ, ಎಷ್ಟನೆಯ ಸಲದ ಬಿಚ್ಚುವಿಕೆ ಎಂಬುದೆಲ್ಲ ದಾಖಲಾಗಿರಬೇಕು. ನೋಡಲು ಒಂದೇ ತರಹ ಇರುವ ಎರಡು ಸುರುಳಿಗಳ ಕೊಕ್ಕೆಯ ದಪ್ಪ, ದಟ್ಟಣೆ ಬೇರೆಯಾಗಿರುತ್ತದೆ, ಅಂಗಡಿಯವರಿಗೆ ಅದು ಗೊತ್ತಿರುವುದೂ ಇಲ್ಲ. ಹಳೆಯ ಸುರುಳಿ ಮುಗಿದು ಹೊಸದನ್ನು ತಂದ ದಿನ, ಆ ಹೊಸ ಸುರುಳಿಯ ತುಂಡುಗಳು ಯೂಟಿಎಂನ ದವಡೆಗೆ ಮತ್ತೆ ಮೊದಲಿನಿಂದ ಹೋಗಬೇಕು.